ನಾಲ್ಕನೆಯವನ ಕುದುರೆಗಳು

ನಮ್ಮ ಮನೆಯಲ್ಲಿ ನಾಲ್ಕು ಜನ ಮತ್ತು ಒಂದು ರೆಜಿಮೆಂಟು ಇದೆ. ನಾಲ್ಕು ಜನ ಎಂದರೆ ಮೋಹಿನಿಯಾದ ನಾನು, ನನ್ನ ಗಂಡ ಕೀರ್ತಿರಾಜ್, ಈ ವರ್ಷ ದೊಡ್ಡ ಪರೀಕ್ಷೆಗೆ ಕೂರಬೇಕಾದ ಮಗಳು ಶ್ರೀಯಾ, ಮತ್ತು ಉಡುಪಿಯಿಂದ ಬಂದು ನಮ್ಮ ಜೊತೆಗಿರುವ ಅತ್ತೆ ಹೊನ್ನಮ್ಮ. ರೆಜಿಮೆಂಟು ಅಮೆರಿಕದ್ದು. ನೂರೈವತ್ತು ವರ್ಷಗಳಿಗೂ ಹಿಂದೆ ಅಲ್ಲಿನ ಬಯಲುಗಳಲ್ಲಿ ಅಲೆದ ಸ್ವಯಂಸೇವಕರ ಕುದುರೆ ಪಡೆ. ಅದಕ್ಕೆ ಒಂದು ನಂಬರೂ ಒಂದು ರಾಜ್ಯದ ಹೆಸರೂ ಇವೆ, ಆದರೆ ನನ್ನ ಗಂಡ ಅದನ್ನು ಕರೆಯುವುದು 'ನಮ್ಮ ರೆಜಿಮೆಂಟು' ಎಂದೇ. ಮಲೇಷ್ಯಾದ ನಿಲಾಯ್ ಪಟ್ಟಣದ ಈ ಅಪಾರ್ಟ್‌ಮೆಂಟಿನಲ್ಲಿ ಸತ್ತುಹೋದ ಆ ಸವಾರರಿಗೆ ಸಿಗುವ ಗಮನದಲ್ಲಿ ಕಾಲುಭಾಗ ನನಗೆ ಸಿಕ್ಕಿದ್ದರೆ ಸಾಕಿತ್ತು ಎಂದು ನಾನು ಬಾಯಿಬಿಟ್ಟೇ ಹೇಳಿದ್ದೇನೆ.

ಇವರು ಎಲುಬಿನ ಡಾಕ್ಟರು. ಮಣಿಪಾಲದಲ್ಲಿ ಓದಿ, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಲು ಬಂದವರು. ಒಮ್ಮೆ ಎಲುಬಿನ ಸಮ್ಮೇಳನ ಎಂದು ಅಮೆರಿಕಕ್ಕೆ ಹೋಗಿ, ಬಿಡುವಿನ ದಿನ ಎಲ್ಲೋ ಬಯಲಿನ ನಡುವೆ ಇದ್ದ ಪುಟ್ಟ ಮ್ಯೂಸಿಯಮ್ಮಿಗೆ ನುಗ್ಗಿದರು. ಬರುವಾಗ ಶ್ರೀಯಾಗೆ ಚಾಕೊಲೇಟ್ ತರಲಿಲ್ಲ, ತುಕ್ಕು ಹಿಡಿದ ಒಂದು ಲಾಳ ತಂದರು. ಆ ಲಾಳ ಈಗಲೂ ನಮ್ಮ ಟಿ.ವಿ.ಯ ಮೇಲೆ ತೂಗುತ್ತಿದೆ. ಅವತ್ತಿನಿಂದ ಇವರಿಗೆ ಹಿಡಿದ ಹುಚ್ಚು ಬಿಟ್ಟಿಲ್ಲ. ಆಸ್ಪತ್ರೆಯಿಂದ ಬಂದು ಊಟ ಮಾಡಿ, ಆ ಪಡೆಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತ ಕೂರುತ್ತಾರೆ.

"ಕನ್ನಡದಲ್ಲಿ ಇದನ್ನು ಯಾರು ಓದ್ತಾರೆ ಮಾರಾಯ್ರೆ?" ಎಂದು ಕೇಳಿದ್ದೆ.

"ನೀನು ಓದು, ಸಾಕು," ಎಂದರು.

ಓದಿದೆ. ಬೈಯಲು ಏನಾದರೂ ಸಿಗಬಹುದು ಎಂದುಕೊಂಡೇ ಓದಲು ಕೂತೆ. ಸಿಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಪುಸ್ತಕ ಚೆನ್ನಾಗಿದೆ. ಆ ಸವಾರರು ಯಾರೂ ಹುಟ್ಟು ಸೈನಿಕರಲ್ಲ. ಅಂಗಡಿಯವರು, ಬಡಗಿಗಳು, ಶಾಲೆ ಮಾಸ್ತರರು, ಜೋಳ ಬೆಳೆಯುವವರು. ದೇಶ ಎರಡು ಪಾಲಾಗಿ ಯುದ್ಧ ಶುರುವಾದಾಗ ಯಾರೂ ಹಿಡಿದೆಳೆಯದೆ ತಾವಾಗಿಯೇ ಹೆಸರು ಕೊಟ್ಟವರು. ತಮ್ಮ ಕ್ಯಾಪ್ಟನ್ ಯಾರೆಂದು ತಾವೇ ಓಟು ಹಾಕಿ ಆರಿಸಿದರು. ದಕ್ಷಿಣದ ದೊಡ್ಡ ಯುದ್ಧಕ್ಕೆ ಹೋಗುತ್ತೇವೆ, ಹೆಸರು ಮಾಡುತ್ತೇವೆ ಎಂದುಕೊಂಡವರನ್ನು ಸರ್ಕಾರ ಪಶ್ಚಿಮದ ಖಾಲಿ ಬಯಲಿಗೆ ಅಟ್ಟಿತು. ಕೆಲಸ ಏನಪ್ಪಾ ಎಂದರೆ ಟೆಲಿಗ್ರಾಫ್ ತಂತಿ ಕಾಯುವುದು, ಟಪಾಲು ಗಾಡಿ ಕಾಯುವುದು. ಹುಳ ಬಿದ್ದ ಗಟ್ಟಿ ರೊಟ್ಟಿ ತಿಂದು, ಮರವೇ ಇಲ್ಲದ ಸೀಮೆಯಲ್ಲಿ ಕಂಬಕ್ಕೆ ಮರ ಹುಡುಕುತ್ತ ತಿರುಗಿದರು. ಒಂದು ಚಳಿಗಾಲದಲ್ಲಿ ಹಸಿದ ಕುದುರೆಗಳು ಒಂದರ ಬಾಲದ ಕೂದಲನ್ನು ಇನ್ನೊಂದು ತಿಂದವಂತೆ. ಆ ಪುಟ ಓದಿದ ದಿನ ನನಗೆ ಊಟ ಸೇರಲಿಲ್ಲ. ಹೊಗಳುವವರು ಯಾರೂ ಇಲ್ಲದ ಕಡೆ ಅಷ್ಟು ನಿಯತ್ತಿನಿಂದ ದುಡಿದರಲ್ಲ ಎಂದು ಅವರ ಮೇಲೆ ನನಗೂ ಪ್ರೀತಿ ಬಂತು.

ಇನ್ನು ನನ್ನ ವಿಷಯ. ನಾನು ಫಿಸಿಯೋಥೆರಪಿಸ್ಟ್. ಆಗಿದ್ದೆ ಎನ್ನಬೇಕೋ ಏನೋ. ಮಣಿಪಾಲದಲ್ಲಿ ಪಾರ್ಶ್ವವಾಯು ಹೊಡೆದವರನ್ನು ಮತ್ತೆ ನಡೆಯುವಂತೆ ಮಾಡುವುದು ನನ್ನ ಕೆಲಸವಾಗಿತ್ತು. ಒಂದು ಕೈ ಜೋತುಬಿದ್ದು ಗಾಲಿಕುರ್ಚಿಯಲ್ಲಿ ಬಂದವರು ಕಂಬಿ ಹಿಡಿದು ಮೊದಲ ಹೆಜ್ಜೆ ಇಟ್ಟಾಗ ಮುಖ ಎತ್ತಿ ನೋಡುತ್ತಾರಲ್ಲ, ಆ ನೋಟಕ್ಕಾಗಿ ನಾನು ಹಬ್ಬದ ದಿನವೂ ಡ್ಯೂಟಿಗೆ ಹೋಗುತ್ತಿದ್ದೆ. ಮಲೇಷ್ಯಾಕ್ಕೆ ಬಂದ ಮೇಲೆ ಎಲ್ಲ ನಿಂತಿತು. ಇಲ್ಲಿ ನನಗಿರುವುದು ಗಂಡನ ಕೆಲಸಕ್ಕೆ ಅಂಟಿಕೊಂಡು ಬಂದ ಡಿಪೆಂಡೆಂಟ್ ಪಾಸ್. ಅದರಲ್ಲಿ ಇರಬಹುದು, ಬೇರೆ ಅನುಮತಿ ಇಲ್ಲದೆ ದುಡಿಯುವ ಹಾಗಿಲ್ಲ. ಮೊದಲು ಶ್ರೀಯಾ ಚಿಕ್ಕವಳು ಎಂದಾಯಿತು, ಆಮೇಲೆ ಅತ್ತೆಯ ಸಕ್ಕರೆ ಕಾಯಿಲೆ, ಆಮೇಲೆ ಇವರ ಪುಸ್ತಕ. ಹೀಗೆ ವರ್ಷಗಳು ಹೋದವು.

ಪಕ್ಕದ ಮನೆಯ ಸೆಲ್ವಂ ಅಂಕಲ್‌ಗೆ ಸ್ಟ್ರೋಕ್ ಆಯಿತು. ನನಗೆ ಸುಮ್ಮನೆ ಕೂರಲಾಗಲಿಲ್ಲ. ನೆರೆಯವಳಾಗಿ ದಿನಾ ಸಂಜೆ ಹೋಗಿ, ಈಜುಕೊಳದ ಕಟ್ಟೆಯ ಪಕ್ಕ ಅವರನ್ನು ನಿಲ್ಲಿಸಿ, ಕೂರಿಸಿ, ಗದರಿಸಿ, ಕೊನೆಗೆ ಮಾಮಕ್ ಚಹಾದಂಗಡಿಯವರೆಗೆ ಅವರೇ ನಡೆದುಹೋಗಿ ತೇ ತಾರಿಕ್ ಎಂಬ ನೊರೆ ಚಹಾ ಕುಡಿದು ಬರುವಂತೆ ಮಾಡಿದೆ. ಅವರ ಮಗಳು ಡಾಕ್ಟರು. ರೈಲಿನಲ್ಲಿ ಗಂಟೆಗಟ್ಟಲೆ ದೂರದ ಇಪೋ ಊರಿನಲ್ಲಿ ಪಾರ್ಶ್ವವಾಯು ರೋಗಿಗಳಿಗೆಂದೇ ಹೊಸ ಕೇಂದ್ರ ತೆರೆಯುತ್ತಿದ್ದಾಳೆ. ಒಂದು ದಿನ ಅವಳ ಫೋನ್ ಬಂತು. ನನ್ನ ಕೆಲಸದ ಪಾಸ್ ಅವರೇ ಮಾಡಿಸುತ್ತಾರೆ, ವಾರ್ಡನ್ನು ನಾನೇ ಕಟ್ಟಬೇಕು. ಸೋಮವಾರದಿಂದ ಶುಕ್ರವಾರದವರೆಗೆ ಇಪೋದಲ್ಲಿ, ಶನಿವಾರ ಭಾನುವಾರ ಮನೆಯಲ್ಲಿ. ಮುಂದಿನ ಸೋಮವಾರ ಬೆಳಿಗ್ಗೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತಾರೆ. ಫೋನ್ ಇಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದುಬಿಟ್ಟೆ.

ಇವರಿಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ನೋಡುವ," ಎಂದರು.

ನಮ್ಮ ಕರಾವಳಿಯವರು 'ನೋಡುವ' ಎಂದರೆ ಅದನ್ನು ಯಾರೂ ಎಂದೂ ನೋಡುವುದಿಲ್ಲ. ನನಗೆ ಮೈ ಉರಿಯಿತು.

"ಎಂತ ನೋಡುದು? ಬಾಯಿಬಿಟ್ಟು ಹೇಳಿ."

"ಹಾಗಲ್ಲ ಮೋಹಿನಿ. ಶ್ರೀಯಾಗೆ ಪರೀಕ್ಷೆ ಉಂಟು. ಅಮ್ಮನಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್. ನನಗೆ ಆಪರೇಷನ್ನು, ಪಾಠ, ಪುಸ್ತಕ ಬೇರೆ ಪ್ರೆಸ್ಸಿಗೆ ಹೋಗ್ಲಿಕ್ಕುಂಟು. ನೀನು ಹೋದ್ರೆ ಇದೆಲ್ಲ ಹಿಡ್ಕೊಳ್ಳುದು ಯಾರು?"

'ನೀವು' ಎಂಬ ಉತ್ತರ ನನ್ನ ಬಾಯಲ್ಲೇ ಇತ್ತು. ಆದರೆ ಸಹಾಯವನ್ನು ಬೇಡಿ ಪಡೆಯುವುದು ನನಗೆ ಬೇಡವಾಗಿತ್ತು. ಹುಳ ಬಿದ್ದ ರೊಟ್ಟಿ ತಿಂದವರ ಕಷ್ಟ ಅಷ್ಟು ಚೆನ್ನಾಗಿ ಅರ್ಥವಾಗುವ ಮನುಷ್ಯನಿಗೆ ಪಕ್ಕದಲ್ಲಿ ಮಲಗುವವಳ ಕಷ್ಟ ಬಿಡಿಸಿ ಹೇಳಬೇಕೇ ಎಂಬ ಹಟ. ಆ ವಾರವೆಲ್ಲ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು. ಅತ್ತೆ ತಮ್ಮ ಕೋಣೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಶನಿವಾರದ ಹೊತ್ತಿಗೆ ನಾನು ಸೋತಿದ್ದೆ. ಭಾನುವಾರ ಇವರ ಭಾಷಣ ಮುಗಿಸಿಕೊಂಡು ಬಂದು, ಇಪೋಗೆ ಫೋನ್ ಮಾಡಿ ಆಗುವುದಿಲ್ಲ ಎಂದು ಹೇಳಿಬಿಡೋಣ ಎಂದು ತೀರ್ಮಾನಿಸಿದೆ.

ಭಾಷಣ ಇಲ್ಲಿನ ರಾಜಧಾನಿಯ ಬ್ರಿಕ್‌ಫೀಲ್ಡ್ಸ್‌ನಲ್ಲಿ. ಅಲ್ಲಿನ ಸೀರೆ ಅಂಗಡಿಯೊಂದರ ಮಹಡಿಯ ಸಭಾ ಹಾಲಿನಲ್ಲಿ ಕನ್ನಡದವರು ತಿಂಗಳಿಗೊಮ್ಮೆ ಸೇರುತ್ತೇವೆ. ಮಾಂಟ್ ಕಿಯಾರಾ ಬಡಾವಣೆಯ ಸಾಫ್ಟ್‌ವೇರ್‌ನವರು, ನಮ್ಮಂಥ ಕಾಲೇಜಿನವರು, ಎಲ್ಲ ಬರುತ್ತಾರೆ. ಒಂದು ಭಾಷಣ, ಒಂದೆರಡು ಹಾಡು, ಆಮೇಲೆ ಕಾಫಿ, ಕೇಸರಿಬಾತು. ಕೇಸರಿಬಾತಿಗಾಗಿಯೇ ಭಾಷಣ ಸಹಿಸಿಕೊಳ್ಳುವವರು ಬಹಳ. ಆ ಸಲ ಇವರ ರೆಜಿಮೆಂಟಿನ ಸರದಿ.

ಇವರು ಶುರುವಿನಲ್ಲೇ ಗೆದ್ದರು. "ಕುದುರೆ ಪಡೆ ಅಂದ್ರೆ ಕತ್ತಿ ಎತ್ತಿಕೊಂಡು ಕುದುರೆ ಮೇಲೆ ನುಗ್ಗುದು ಅಂತ ನಾವು ತಿಳ್ಕೊಂಡಿದ್ದೇವೆ. ಅದು ಚಿತ್ರಪಟದ ಕುದುರೆ ಪಡೆ. ನಮ್ಮ ರೆಜಿಮೆಂಟು ಹೆಚ್ಚಾಗಿ ಕಾದಾಡಿದ್ದು ನೆಲದ ಮೇಲೆ. ಕುದುರೆ ಇದ್ದದ್ದು ಹೋಗ್ಲಿಕ್ಕೆ, ಬರ್ಲಿಕ್ಕೆ. ಹಾಗಾದ್ರೆ ಇಳಿದ ಮೇಲೆ ಕುದುರೆ ಎಲ್ಲಿ? ಯಾರಾದ್ರೂ ಹೇಳಿ ನೋಡುವ."

ಮುಂದಿನ ಸಾಲಿನಿಂದ ಸಂತೋಷ ಕೈ ಎತ್ತಿದ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಮಾತಿನಲ್ಲಿ ಮುಂದು. "ಮರಕ್ಕೆ ಕಟ್ತಾರೆ ಸಾರ್."

"ಮರ ಎಲ್ಲುಂಟು ಮಾರಾಯ ಆ ಬಯಲಲ್ಲಿ?" ಎಂದರು ಇವರು. ಹಾಲೆಲ್ಲ ನಕ್ಕಿತು. "ಬನ್ನಿ, ಮಾಡಿಯೇ ತೋರಿಸ್ತೇನೆ. ಮೂರು ಜನ ಬನ್ನಿ. ನಿಮ್ಮ ನಿಮ್ಮ ಚೀಲ ತನ್ನಿ, ಅದೇ ನಿಮ್ಮ ಕುದುರೆ."

ಸಂತೋಷ ಲ್ಯಾಪ್‌ಟಾಪ್ ಚೀಲದೊಂದಿಗೆ ಬಂದ. ಸಂಘದ ಕಾರ್ಯದರ್ಶಿ ಗಂಗಾಧರ ಆಗತಾನೇ ಕೆಳಗೆ ಕೊಂಡಿದ್ದ ನುಗ್ಗೆಕಾಯಿ, ಕರಿಬೇವಿನ ಚೀಲದೊಂದಿಗೆ ಬಂದರು. ಉಲ್ಲಾಸ್ ಎಂಬ ಬ್ಯಾಂಕಿನ ಹುಡುಗ ಜಿಮ್ಮಿನ ಚೀಲ ತಂದ. ನಾಲ್ಕನೆಯವರು ಯಾರು ಎಂದು ಇವರು ಯಾರನ್ನೂ ಕೇಳಲಿಲ್ಲ, ತಲೆ ಕೂಡ ಎತ್ತಲಿಲ್ಲ. "ಮೋಹಿನಿ, ನೀನು ಕೊನೆಗೆ ನಿಲ್ಲು," ಎಂದರು.

ನಿಂತೆ.

"ಬಲಗಡೆಯಿಂದ ಎಣಿಸಿ!" ಇವರ ಗಂಟಲಿನಲ್ಲಿ ಅಂಥ ಕ್ಯಾಪ್ಟನ್ ಅಡಗಿದ್ದಾನೆಂದು ನನಗೇ ಗೊತ್ತಿರಲಿಲ್ಲ. ಒಂದು, ಎರಡು, ಮೂರು ಎಂದು ಅವರು ಕೂಗಿದರು. ನಾನು ನಾಲ್ಕು ಎಂದೆ.

"ಒಂದು, ಎರಡು, ಮೂರು ಕುದುರೆಯಿಂದ ಇಳಿದು ಬಂದೂಕು ಹಿಡ್ಕೊಂಡು ಮುಂದೆ ಹೋಗ್ತಾರೆ. ನಾಲ್ಕನೆಯವ ಹೋಗುದಿಲ್ಲ. ಮೂವರ ಲಗಾಮೂ ಅವನ ಕೈಗೆ. ತನ್ನದು ಸೇರಿ ನಾಲ್ಕು ಕುದುರೆ. ಕೊಡಿ ನಿಮ್ಮ ಲಗಾಮು."

ಮೂರು ಚೀಲಗಳು ನನ್ನ ಕೈಗೆ ಬಂದವು, ನನ್ನದು ಹೆಗಲಲ್ಲೇ ಇತ್ತು. ಗಂಗಾಧರರ ನುಗ್ಗೆಕಾಯಿ ಕೆನ್ನೆಗೆ ತಿವಿಯುತ್ತಿತ್ತು. ಮೂವರು ವೀರರು ಕುರ್ಚಿಗಳ ಹಿಂದೆ ಬಗ್ಗಿ, ಕೈಯನ್ನೇ ಬಂದೂಕು ಮಾಡಿಕೊಂಡು ಢಂ ಢಂ ಎಂದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಇವರು ಸ್ವರ ತಗ್ಗಿಸಿದರು.

"ಒಂದು ಬೇಸಗೆ. ತಂತಿ ಸರಿ ಮಾಡ್ಲಿಕ್ಕೆ ಹೋದ ಸಣ್ಣ ತುಕಡಿ ಒಂದು ಒಣ ಹಳ್ಳದಲ್ಲಿ ಸಿಕ್ಕಿಬಿತ್ತು. ಎದುರಿನವರು ಹುಲ್ಲಿಗೆ ಬೆಂಕಿ ಇಟ್ರು. ಗಾಳಿ ಈ ಕಡೆಗೆ. ಮೂರು ಪಾಲು ಜನ ದಂಡೆಗೆ ಒರಗಿ ಗುಂಡು ಹಾರಿಸ್ತಾ ಇದ್ದಾರೆ. ಹಿಂದೆ ಹಳ್ಳದ ತಿರುವಿನಲ್ಲಿ ನಾಲ್ಕನೆಯವರು. ಹೊಗೆ ಕಂಡ ಕುದುರೆ ಎಂತ ಮಾಡ್ತದೆ ಗೊತ್ತುಂಟಾ? ಒದೀತದೆ, ಕಚ್ತದೆ, ಎಳೀತದೆ. ನಾಲ್ಕೂ ನಾಲ್ಕು ದಿಕ್ಕಿಗೆ ಎಳೀತವೆ. ಅಂಥಾ ಹೊತ್ತಲ್ಲಿ ಭುಜ ಕಳಚ್ತದೆ. ನಾನು ಕಳಚಿದ ಭುಜ ಕೂರಿಸುವವ, ನನಗೆ ಆ ನೋವು ಗೊತ್ತುಂಟು. ಲಗಾಮು ಬಿಟ್ರೆ ಅವನು ಬದುಕ್ತಾನೆ. ಆದ್ರೆ ಕುದುರೆ ಹೋದ್ರೆ ಆ ಬಯಲಲ್ಲಿ ಒಬ್ಬನೂ ಮನೆಗೆ ಮುಟ್ಟುದಿಲ್ಲ. ಅವರು ಬಿಡ್ಲಿಲ್ಲ. ಸಂಜೆವರೆಗೆ ಬಿಡ್ಲಿಲ್ಲ."

ಇವರು ಟಿಪ್ಪಣಿಯ ಹಾಳೆ ಮಡಚಿ ಜೇಬಿಗಿಟ್ಟರು.

"ಕ್ಯಾಪ್ಟನ್ ವರದಿ ಕೊಟ್ಟ. ಗುಂಡು ಹೊಡೆದವರ ಹೆಸರುಂಟು. ಗಾಯ ಆದವರ ಹೆಸರುಂಟು. ನಾಲ್ಕನೆಯವರ ಹೆಸರಿಲ್ಲ, ಯಾಕಂದ್ರೆ ಅವರು ಕಾದಾಡ್ಲಿಲ್ಲ ಅಲ್ವಾ! ಅವರ ಬಗ್ಗೆ ಇರುವುದು ಕೊನೆಗೆ ಒಂದೇ ಮಾತು. ಕುದುರೆಗಳೆಲ್ಲ ಕ್ಷೇಮ." ಇವರ ಸ್ವರ ಒಡೆಯಿತು. "ಅಷ್ಟೇ. ಕುದುರೆಗಳೆಲ್ಲ ಕ್ಷೇಮ. ನಾನು ಈ ಪುಸ್ತಕ ಬರೆದದ್ದು ಆ ಒಂದು ಮಾತಿಗೋಸ್ಕರ."

ನನ್ನ ಕಣ್ಣೂ ತುಂಬಿತು. ಎಂಥಾ ಮನುಷ್ಯರಪ್ಪಾ ಎನಿಸಿತು. ಸತ್ತ ಸವಾರರೂ, ಅವರನ್ನು ಇಷ್ಟು ದೂರದಲ್ಲಿ ನಿಂತು ನೆನೆದು ಅಳುವ ನನ್ನ ಗಂಡನೂ. ಅದೇ ಹೊತ್ತಿಗೆ ನುಗ್ಗೆಕಾಯಿ ಮತ್ತೆ ಕೆನ್ನೆಗೆ ತಿವಿಯಿತು.

ಸಂತೋಷ ಎದ್ದು ಒಂದು ಪ್ರಶ್ನೆ ಕೇಳಿದ. "ಸಾರ್, ಆದ್ರೆ ಎದುರಿಗಿದ್ದೋರು ಅಲ್ಲಿನ ಮೂಲ ಜನ ಅಲ್ವಾ? ಜಾಗ ಅವರದ್ದೇ ತಾನೆ?"

"ಅವರದ್ದೇ," ಎಂದರು ಇವರು, ತಡಮಾಡದೆ. "ಬೆಂಕಿ ಇಟ್ಟವರು ತಮ್ಮ ನೆಲ ಉಳಿಸಿಕೊಳ್ಳಿಕ್ಕೆ ಇಟ್ರು. ಪಡೆಯವರು ಮಾಡಬಾರದ್ದೂ ಮಾಡಿದ್ದುಂಟು, ಅದಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದೇನೆ, ಮುಚ್ಚಿಡ್ಲಿಲ್ಲ. ಅಲ್ಲಿಗೆ ಕಳಿಸಿದವರನ್ನು ನಾನು ಹೊಗಳುದಿಲ್ಲ. ಕುದುರೆ ಹಿಡ್ಕೊಂಡು ನಿಂತವನನ್ನು ಹೊಗಳ್ತೇನೆ."

ಜೋರು ಚಪ್ಪಾಳೆ. ಗಂಗಾಧರರು ಕಾಫಿ ರೆಡಿ ಎಂದರು. ಕೇಸರಿಬಾತಿನ ತುಪ್ಪದ ಪರಿಮಳ ಬಂದದ್ದೇ ತಡ, ಜನ ಹಿಂದಿನ ಮೇಜಿನ ಕಡೆ ಸಾಗಿದರು. ಇವರ ಸುತ್ತ ಐದಾರು ಜನ ಮುತ್ತಿದರು. ನನ್ನ ಕೈಯಲ್ಲಿ ಮೂರು ಚೀಲ.

ಕೆಳಗಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ನೋಡೋಣ, ಯಾರಿಗೆ ಯಾವಾಗ ನೆನಪಾಗುತ್ತದೆ ಎಂದು ಹಟ ಬಂತು. ಒಂದನೆಯವರು, ಎರಡನೆಯವರು, ಮೂರನೆಯವರು ಕೇಸರಿಬಾತು ತಿಂದರು, ಎರಡನೆಯ ಸಲವೂ ಹಾಕಿಸಿಕೊಂಡರು. ಕ್ಯಾಪ್ಟನ್ ಕಾಫಿ ಹೀರುತ್ತ ನಾಲ್ಕನೆಯವನ ತ್ಯಾಗದ ಬಗ್ಗೆ ಇನ್ನೂ ಮಾತಾಡುತ್ತಿದ್ದರು. ನನ್ನ ಕಡೆ ನೋಡಿದವರು ಇಬ್ಬರೇ. ಶ್ರೀಯಾ ದೂರದಿಂದ, ಇಲ್ಲಿನವರ 'ಲಾ' ಸೇರಿಸಿದ ಇಂಗ್ಲಿಷಿನಲ್ಲಿ, "ಅಮ್ಮಾ, ವೈ ಆರ್ ಯೂ ಸ್ಟಿಲ್ ಸ್ಟ್ಯಾಂಡಿಂಗ್ ದೇರ್ ಲಾ?" ಎಂದು ಕೈ ತಿರುಗಿಸಿ ಫೋನಿಗೆ ಮರಳಿದಳು. ಇನ್ನೊಬ್ಬರು ಅತ್ತೆ. ಮೊಣಕಾಲು ನೋವಿನ ಅವರು ಮುಂದಿನ ಸಾಲಿನ ಕುರ್ಚಿಯಲ್ಲೇ ಕೂತು, ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಏನೂ ತಿನ್ನದೆ ನನ್ನನ್ನೇ ನೋಡುತ್ತಿದ್ದರು.

ಕಡೆಗೆ ಸಂತೋಷನಿಗೆ ಮನೆಗೆ ಹೊರಡುವಾಗ ಲ್ಯಾಪ್‌ಟಾಪ್ ನೆನಪಾಯಿತು. "ಅಯ್ಯಯ್ಯೋ, ಸಾರಿ ಅಕ್ಕಾ! ಇನ್ನೂ ಹಿಡ್ಕೊಂಡೇ ನಿಂತಿದ್ದೀರಾ? ಕೇಸರಿಬಾತ್ ಖಾಲಿ ಆಗೋಯ್ತಲ್ಲಾ!"

"ಪರವಾಗಿಲ್ಲ," ಎಂದೆ. "ಕುದುರೆ ಕ್ಷೇಮ ಉಂಟು, ತೆಗೊಂಡು ಹೋಗಿ."

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಕಾರಿನಲ್ಲಿ ಇವರು ಗೆದ್ದ ಖುಷಿಯಲ್ಲಿದ್ದರು. ದಾರಿಯಲ್ಲಿ ರಾತ್ರಿಯೂಟಕ್ಕೆ ಇಡಿಯಪ್ಪ 'ತಪಾವ್' ಎಂದು ಕಟ್ಟಿಸಿಕೊಂಡೆವು, ಪೊಟ್ಟಣ ನನ್ನ ಮಡಿಲಿಗೆ ಬಂತು. ಹೈವೇ ಹಿಡಿದ ಮೇಲೆ ಹಿಂದಿನ ಸೀಟಿನಿಂದ ಅತ್ತೆ ಮಾತು ತೆಗೆದರು.

"ಕೀರ್ತಿ, ಒಂದು ಕೇಳ್ತೇನೆ. ಆ ನಾಲ್ಕನೆಯವ ಯಾವಾಗ್ಲೂ ಅವನೇನಾ?"

ಪ್ರಶ್ನೆ ಬಂತೆಂದರೆ ಇವರಿಗೆ ಹಬ್ಬ. "ಒಳ್ಳೆ ಪ್ರಶ್ನೆ ಅಮ್ಮ! ಅಲ್ಲ, ಹಾಗಿಲ್ಲ. ದಿನಾ ಬೆಳಿಗ್ಗೆ ಸಾಲು ನಿಂತು ಹೊಸತಾಗಿ ಎಣಿಸ್ತಾರೆ. ಇವತ್ತು ನಾಲ್ಕು ಆದವ ನಾಳೆ ಒಂದು ಆಗಬಹುದು. ಯಾರು ಎಲ್ಲಿ ನಿಲ್ತಾರೆ ಅದರ ಮೇಲೆ."

"ಮತ್ತೆ ನಾಲ್ಕು ಬಂದವ ನನಗಾಗುದಿಲ್ಲ ಅಂದ್ರೆ?"

"ಅನ್ನುವ ಹಾಗೇ ಇಲ್ಲ! ಎಣಿಕೆ ಬಂದ ಮೇಲೆ ಮುಗೀತು. ಕ್ಯಾಪ್ಟನ್ನ ತಮ್ಮನಾದ್ರೂ ಹಿಡೀಬೇಕು. ಅದೇ ಆ ಪಡೆಯ ಮರ್ಯಾದೆ."

"ಹೌದಾ?" ಎಂದರು ಅತ್ತೆ. "ಒಳ್ಳೆ ಪಡೆ ಮಗಾ." ಆಮೇಲೆ ನಿಲಾಯ್ ಬರುವವರೆಗೆ ಕಿಟಕಿಯ ಹೊರಗೆ ಎಣ್ಣೆತಾಳೆ ಮರಗಳನ್ನು ನೋಡುತ್ತ ಕೂತರು. ನಾನು ಇಪೋಗೆ ಏನೆಂದು ಹೇಳುವುದು, ಎಷ್ಟು ಮೆತ್ತಗೆ ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಒಂದು ವಾಕ್ಯವೂ ಪೂರ್ತಿಯಾಗಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಲಿಫ್ಟ್ ಕೆಟ್ಟಿತ್ತು. ಇನ್ನೊಂದು ಮೇಲೆಲ್ಲೋ ಯಾರದೋ ಮನೆ ಸಾಮಾನು ತುಂಬಿಸಿಕೊಳ್ಳುತ್ತಿತ್ತು. ನಾವು ನಾಲ್ವರೂ ಲಿಫ್ಟಿನ ಬಾಗಿಲಿಗೆ ಮುಖ ಮಾಡಿ ಸಾಲಾಗಿ ನಿಂತೆವು. ಬಲತುದಿಯಲ್ಲಿ, ಗುಂಡಿಯ ಹತ್ತಿರ, ಇವರು. ಅವರ ಪಕ್ಕ ಅತ್ತೆ, ಆಮೇಲೆ ಶ್ರೀಯಾ, ಎಡತುದಿಯಲ್ಲಿ ನಾನು. ಇವರ ಲ್ಯಾಪ್‌ಟಾಪ್, ಅತ್ತೆಯ ಇನ್ಸುಲಿನ್ ಡಬ್ಬಿ, ಶ್ರೀಯಾಳ ಪುಸ್ತಕದ ಚೀಲ, ಇಡಿಯಪ್ಪದ ಪೊಟ್ಟಣ, ಮನೆಯ ಕೀ, ಎಲ್ಲವೂ ನನ್ನ ಕೈಯಲ್ಲೇ. ಯಾರೂ ಹಿಡಿದುಕೋ ಎಂದಿರಲಿಲ್ಲ. ಕಾರಿನಿಂದ ಇಳಿಯುವಾಗ ತಾವಾಗಿಯೇ ಬಂದು ಸೇರಿಕೊಂಡಿದ್ದವು.

"ಕೀರ್ತಿ," ಎಂದರು ಅತ್ತೆ. "ಬಲಗಡೆಯಿಂದ ಎಣಿಸುದಲ್ವಾ ನಿಮ್ಮ ಪಡೆಯಲ್ಲಿ?"

"ಹೌದಮ್ಮ."

"ಎಣಿಸು ನೋಡುವ."

ಇವರಿಗೆ ತಮಾಷೆ ಎನಿಸಿತು. ಎದೆ ಸೆಟೆಸಿ, "ಒಂದು!" ಎಂದರು. ಅತ್ತೆ, "ಎರಡು," ಎಂದರು. ಶ್ರೀಯಾ ಫೋನಿನಿಂದ ತಲೆ ಎತ್ತದೆ, "ತ್ರೀ," ಎಂದಳು. ನಾನು ಜಾರುತ್ತಿದ್ದ ಇಡಿಯಪ್ಪದ ಪೊಟ್ಟಣ ಸರಿಮಾಡಿಕೊಳ್ಳುತ್ತಿದ್ದೆ.

"ಹೇಳು ಮೋಹಿನಿ."

"ನಾಲ್ಕು," ಎಂದೆ.

"ಸರಿ. ಇದು ಹಳೇ ಎಣಿಕೆ," ಎಂದರು ಅತ್ತೆ. "ಈಗ ಎಲ್ರೂ ಹಿಂದೆ ತಿರುಗಿ."

"ಎಂತಕ್ಕಮ್ಮ?"

"ತಿರುಗು ಅಂದೆ."

ತಿರುಗಿದೆವು. ಲಿಫ್ಟು ಬೆನ್ನಿಗೆ ಬಂತು, ಎದುರಿಗೆ ಕಾರುಗಳು. ಈಗ ಬಲತುದಿಯಲ್ಲಿ ನಿಂತವಳು ನಾನು.

"ಎಣಿಸು ಮೋಹಿನಿ. ಬಲಗಡೆಯಿಂದ."

ಇವರಿಗೆ ಆಗ ಹೊಳೆಯಿತು. "ಅಮ್ಮ, ಹಾಗಾಗುದಿಲ್ಲ. ಹಿಂದೆ ತಿರುಗಿದ್ರೆ ನಂಬರು ಬದಲಾಗುದಿಲ್ಲ, ಅದು ಡ್ರಿಲ್ಲಿನ ನಿಯಮ..."

"ಹೊಸ ದಿನಕ್ಕೆ ಹೊಸ ಎಣಿಕೆ ಅಂತ ಹೇಳಿದ್ದು ಯಾರು? ನಾನಾ?" ಅತ್ತೆಯ ಸ್ವರ ಪಾರ್ಕಿಂಗಿನಲ್ಲಿ ಮೊಳಗಿತು. "ನಾಳೆ ಸೋಮವಾರ. ಅವಳು ಫೋನ್ ಮಾಡ್ಲಿಕ್ಕುಂಟು. ನಾಳೆಯ ಎಣಿಕೆ ಈಗಲೇ ಆಗ್ಲಿ. ಎಣಿಸು ಮೋಹಿನಿ!"

"ಒಂದು," ಎಂದೆ. ಸ್ವರ ನನ್ನದೇ ಎನಿಸಲಿಲ್ಲ.

ಶ್ರೀಯಾ ಫೋನನ್ನು ಜೇಬಿಗಿಟ್ಟಳು. ಅವಳಿಗೆ ಎಲ್ಲ ಅರ್ಥವಾಗಿತ್ತು. "ಎರಡು," ಎಂದಳು, ಸ್ಪಷ್ಟ ಕನ್ನಡದಲ್ಲಿ.

"ಮೂರು," ಎಂದರು ಅತ್ತೆ.

ಈಗ ಇವರ ಸರದಿ. ಲಿಫ್ಟು ಬಂದು ಬೆನ್ನ ಹಿಂದೆ ಬಾಗಿಲು ತೆರೆಯಿತು, ಯಾರೂ ಹತ್ತದ್ದು ನೋಡಿ ಮುಚ್ಚಿಕೊಂಡಿತು.

ಅತ್ತೆ ಮಗನ ಕಡೆ ತಿರುಗಿದರು. ಈ ಸಲ ಗದರಿಸಲಿಲ್ಲ. "ಮದುವೆಯಾಗಿ ಬಂದ ದಿನ ನನ್ನನ್ನು ಒಮ್ಮೆ ನಾಲ್ಕು ಅಂತ ಎಣಿಸಿದ್ರು ಮಗಾ. ಮತ್ತೆ ಯಾರೂ ಎಣಿಸ್ಲೇ ಇಲ್ಲ. ನನಗೆ ಹೊಲಿಗೆ ಶಾಲೆ ಇಡುವ ಆಸೆ ಇತ್ತು. ನಿನಗೆ ಗೊತ್ತುಂಟಾ? ಗೊತ್ತಿಲ್ಲ. ನಿನ್ನ ಅಪ್ಪನಿಗೂ ಗೊತ್ತಿರ್ಲಿಲ್ಲ. ಇವತ್ತು ಅವಳು ಅಲ್ಲಿ ಚೀಲ ಹಿಡ್ಕೊಂಡು ನಿಂತದ್ದು ನೋಡಿ ನನಗೆ ಕೇಸರಿಬಾತು ಗಂಟಲಲ್ಲಿ ಇಳೀಲಿಲ್ಲ. ನೀನು ಮಾತ್ರ ಸತ್ತವರಿಗೋಸ್ಕರ ಅಳ್ತಾ ಇದ್ದೆ."

ನಾನು ಇವರ ಮುಖ ನೋಡಿದೆ. ಎಷ್ಟೋ ವರ್ಷಗಳಿಂದ ನೋಡಿದ ಮುಖ, ಆದರೆ ಹೀಗೆ ಬಿಳುಚಿದ್ದು ಕಂಡಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಹೆಂಗಸರ ತಮಾಷೆ ಎಂದು ನಕ್ಕು ಲಿಫ್ಟ್ ಹತ್ತುತ್ತಿದ್ದರೇನೋ. ಆದರೆ ಇವರು ಆ ಪಡೆಯನ್ನು ನಿಜವಾಗಿ ನಂಬಿದ ಮನುಷ್ಯ. ಎಣಿಕೆ ಬಂದ ಮೇಲೆ ವಾದ ಮಾಡುವ ಹಾಗಿಲ್ಲ ಎಂದು ಬರೆದವರು ಅವರೇ.

"ನಾಲ್ಕು," ಎಂದರು.

ಆಮೇಲೆ ನನ್ನ ಮುಂದೆ ಬಂದು ಕೈ ಚಾಚಿದರು. "ಕೊಡು."

ಆಗ ನಾನು ಮಾಡಿದ್ದು ಕೇಳಿ. ಇಷ್ಟು ವರ್ಷ ಯಾರಾದರೂ ಹಾಗೆ ಕೈ ಚಾಚಲಿ ಎಂದು ಕಾದವಳು ನಾನು, ಚೀಲಗಳನ್ನು ಎದೆಗೆ ಒತ್ತಿಕೊಂಡು, "ಬೇಡ, ಭಾರ ಉಂಟು. ಇನ್ಸುಲಿನ್ ಡಬ್ಬಿ ಅಡಿಮೇಲಾದ್ರೆ..." ಎಂದೆ.

"ನೀನು ಮೊದಲು ಬಿಡು ಮಾರಾಯ್ತಿ!" ಎಂದು ಅತ್ತೆ ನನಗೇ ಬೈದರು.

ಬಿಟ್ಟೆ. ಒಂದೊಂದಾಗಿ ಕೊಟ್ಟೆ. ಕೀ ಗೊಂಚಲನ್ನು ಕಡೆಗೆ ಕೊಟ್ಟೆ. ಲಿಫ್ಟಿನಲ್ಲಿ ಇವರು ಎರಡೂ ಕೈ ತುಂಬಿಕೊಂಡು, ಗುಂಡಿ ಒತ್ತಲಾಗದೆ ಮೊಣಕೈಯಿಂದ ತಿವಿಯುತ್ತಿದ್ದರು. ಶ್ರೀಯಾ ಸಹಾಯಕ್ಕೆ ಹೋದಾಗ ಅತ್ತೆ ಅವಳ ಕೈ ಹಿಡಿದು ನಿಲ್ಲಿಸಿದರು. ಮೇಲೆ ತಲುಪುವ ಹೊತ್ತಿಗೆ ಇವರು, "ಇಪೋಗೆ ರೈಲು ಸೆಂಟ್ರಲ್ ಸ್ಟೇಷನ್ನಿಂದಲಾ?" ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಮರುದಿನ ಬೆಳಿಗ್ಗೆ ಹೂಂ ಎಂದು ಹೇಳುವಾಗ ಸೆಲ್ವಂ ಅಂಕಲ್ ಮಗಳಿಗೆ ನನ್ನ ಮಾತಿಗಿಂತ ಅಳುವೇ ಹೆಚ್ಚು ಕೇಳಿಸಿರಬೇಕು.

ಪಾಸ್ ಬಂದ ಮೇಲೆ ಹೋದೆ. ಮೊದಲ ವಾರದಲ್ಲೇ, ತವರದ ಗಣಿಯಲ್ಲಿ ದುಡಿದು ಮುದುಕರಾದ ಒಬ್ಬ ಚೀನೀ ಅಜ್ಜ ಕಂಬಿ ಬಿಟ್ಟು ಒಂದು ಹೆಜ್ಜೆ ಇಟ್ಟರು. ಇಟ್ಟವರು ಮುಖ ಎತ್ತಿ ನನ್ನನ್ನು ನೋಡಿದರು. ಅದೇ ನೋಟ. ಅಷ್ಟು ವರ್ಷಗಳಾದ ಮೇಲೂ ಒಂದಿಷ್ಟೂ ಮಾಸದೆ ನನಗಾಗಿ ಕಾದಿತ್ತು. ಕಾರಿಡಾರಿಗೆ ಬಂದು ಕಣ್ಣು ಒರೆಸಿಕೊಂಡು ಮನೆಗೆ ಫೋನ್ ಮಾಡಿದೆ.

ಇವರು ಎತ್ತಿದರು. ಹಿಂದಿನಿಂದ ಮಿಕ್ಸಿಯ ಸದ್ದು, ಕುಕ್ಕರಿನ ಸೀಟಿ.

"ಹೇಗುಂಟು ಅಲ್ಲಿ?" ಎಂದೆ.

"ಕುದುರೆಗಳೆಲ್ಲ ಕ್ಷೇಮ," ಎಂದರು, ವರದಿ ಒಪ್ಪಿಸುವವರ ಹಾಗೆ.

"ಅಮ್ಮಾ, ಹೀ ಈಸ್ ಲೈಯಿಂಗ್ ಲಾ!" ಎಂದು ಶ್ರೀಯಾ ಕೂಗಿದಳು. "ಹೀ ಬರ್ನ್ಟ್ ದ ದೋಸೆ, ಆಂಡ್ ಹೀ ಪ್ಯಾಕ್ಡ್ ಅಜ್ಜೀಸ್ ಲಂಚ್ ಇನ್ ಮೈ ಬ್ಯಾಗ್!" ಅತ್ತೆ ಜೋರಾಗಿ ನಗುವುದು ಕೇಳಿಸಿತು. ಅವರು ಹಾಗೆ ನಕ್ಕಿದ್ದು ನಾನು ಕೇಳಿಯೇ ಇರಲಿಲ್ಲ.

ಇವರು ಫೋನನ್ನು ಬೇರೆ ಕೋಣೆಗೆ ಒಯ್ದರು. ಗದ್ದಲ ಕಡಿಮೆಯಾಯಿತು. ಪುಸ್ತಕದ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದೆ. ಈ ವಾರ ಮುಟ್ಟಲಿಕ್ಕೆ ಆಗಿಲ್ಲ, ಪ್ರೆಸ್ಸಿನವರಿಗೆ ಕಾಯಲು ಹೇಳಿದ್ದೇನೆ ಎಂದರು. ಸ್ವರದಲ್ಲಿ ಸುಸ್ತು ತುಂಬಿತ್ತು.

"ಭುಜ ನೋಯ್ತದಾ?" ಎಂದೆ, ತಮಾಷೆಗೆ.

"ನೋಯ್ತದೆ ಮಾರಾಯ್ತಿ." ಅವರಲ್ಲಿ ತಮಾಷೆ ಇರಲಿಲ್ಲ. "ನೀನು ಇಷ್ಟು ವರ್ಷ ಹೇಳ್ಲೇ ಇಲ್ಲ ಅಲ್ವಾ."

"ಹೇಳಿದ್ದೆ," ಎಂದೆ. "ನೀವು ಮುಂದೆ ಹೋಗಿದ್ರಿ. ಕೇಳಿಸ್ಲಿಲ್ಲ."

ಆಚೆ ಕಡೆ ಕುಕ್ಕರ್ ಇನ್ನೊಂದು ಸೀಟಿ ಹಾಕಿತು.

"ಈಗ ಕೇಳಿಸ್ತು," ಎಂದರು.